ಟವೆಲಿನ ಅಂಚಿಗೆ ಬಿದ್ದ ಮುನ್ನೂರು ಗ್ರಾಂ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದ ಆ ಮನುಷ್ಯನನ್ನು ಸುತ್ತಲಿನವರೆಲ್ಲ ಟವೆಲ್ ಮಾಮ ಎಂದೇ ಕರೆಯುತ್ತಿದ್ದರು. ಬೆಳಗಿನ ಪಾಳಿ ಮುಗಿದ ಮೇಲೆ ಅವನು ಹಿಂದಿನ ಬೀದಿಯ ತರಬೇತಿ ಶಾಲೆಗೆ ಹೋಗುತ್ತಿದ್ದ. ಗುದ್ದು, ಒದೆ, ಕುಸ್ತಿಯ ಪಟ್ಟು ಮೂರನ್ನೂ ಬೆರೆಸಿದ ಮಿಶ್ರ ಸಮರಕಲೆಯನ್ನು ಅಲ್ಲಿ ಕಲಿಸುತ್ತಿದ್ದರು. ಕಲಿಯುವವರು ಬೆವರು ಒರೆಸಿ ಎಸೆದ ಟವೆಲುಗಳನ್ನೆಲ್ಲ ಬಾಚಿ ತಂದು, ಒಗೆದು, ಅಂಚಿಗೆ ಅಂಚು ಕೂಡಿಸಿ ಮಡಿಸಿ ಮರುದಿನ ಕೊಡುತ್ತಿದ್ದ. ಇದಕ್ಕೆ ಅವನು ಕೂಲಿ ಕೇಳಿದವನಲ್ಲ. ಅಕ್ಕನ ಮಗ ಅಲ್ಲಿ ಕಲಿಯುತ್ತಿದ್ದ, ಅವನಿಗೆ ಅಷ್ಟೇ ಸಾಕಾಗಿತ್ತು.

ದೇವರು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅರಿವನ್ನು ಇಟ್ಟು ಭೂಮಿಗೆ ಕಳುಹಿಸುತ್ತಾನೆ. ಇವನ ಕೈಗೆ ದೊರೆತದ್ದು ತೂಕದ ಅರಿವು. ಯಂತ್ರದಿಂದ ತೆಗೆದ ಹೊದಿಕೆಯನ್ನು ಒಮ್ಮೆ ಎತ್ತಿ ಹಿಡಿದರೆ, ಅದರಲ್ಲಿ ಎಷ್ಟು ನೀರು ಉಳಿದಿದೆ, ಒಣಗಲು ಇನ್ನೆಷ್ಟು ನಿಮಿಷ ಬೇಕು ಎಂದು ಹೇಳಿಬಿಡುತ್ತಿದ್ದ. ಮೇಲ್ವಿಚಾರಕಿ ಒಂದು ದಿನ ಪಂತ ಕಟ್ಟಿ, ಅವನು ಹೇಳಿದ್ದನ್ನು ತೂಗಿಸಿ ನೋಡಿದಳು. ಐವತ್ತು ಗ್ರಾಮಿನಷ್ಟೂ ಆಚೀಚೆ ಇರಲಿಲ್ಲ. ತರಕಾರಿ ಅಂಗಡಿಯವರು ನಿನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳಬೇಕು ಎಂದು ಅವಳು ಹಾಸ್ಯ ಮಾಡಿದ್ದಳು.

ಅಕ್ಕನ ಮಗನನ್ನು ಮನೆಯಲ್ಲಿ ಗುಂಡ ಎನ್ನುತ್ತಿದ್ದರು. ಎಳೆತನದಲ್ಲಿ ಉಂಡೆಯಂತಿದ್ದ ಮಗು ಬೆಳೆದು ಬೆತ್ತದಂತಾದರೂ ಹೆಸರು ಮಾತ್ರ ಬಿಡಲಿಲ್ಲ. ಅವನಿಗೆ ನಾಲ್ಕು ವರ್ಷವಾಗಿದ್ದಾಗ ತಂದೆ ತೀರಿಕೊಂಡಿದ್ದ. ಮದುವೆಯ ಗೊಡವೆಗೆ ಹೋಗದ ಮಾವನೇ ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ. ಅಕ್ಕ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತ ಮನೆ ನಡೆಸಿದಳು.

ಪಂದ್ಯ ಹತ್ತಿರ ಬಂದಾಗಲೆಲ್ಲ ಗುಂಡ ತಟ್ಟೆ ದೂಡಿ ಏಳುತ್ತಿದ್ದ; ಕೊನೆಯ ದಿನಗಳಲ್ಲಿ ನೀರನ್ನೂ ಬಿಡುತ್ತಿದ್ದ. ಅಕ್ಕನಿಗೆ ಅದು ಅರ್ಥವಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಟವೆಲ್ ಮಾಮ ಹೊಲಿಗೆ ಯಂತ್ರದ ಪಕ್ಕ ಕುಳಿತು ಅವಳಿಗೆ ತೂಕ ವಿಭಾಗವೆಂದರೇನೆಂದು ವಿವರಿಸಿದ. ಆನೆಯಂಥವನು ಆಡಿನಂಥವನನ್ನು ತುಳಿಯಬಾರದೆಂದು ಆಟಗಾರರನ್ನು ತೂಕದ ಮೇಲೆ ಬೇರೆ ಬೇರೆ ಮಾಡುತ್ತಾರೆ. ಗುಂಡನ ವಿಭಾಗಕ್ಕೆ ಗಡಿ ಅರವತ್ತೊಂದು ಕಿಲೋ ಇನ್ನೂರು ಗ್ರಾಂ. ತೂಗುವುದು ಪಂದ್ಯದ ಹಿಂದಿನ ದಿನ. ಆದ್ದರಿಂದ ಅರವತ್ತೆಂಟು ಕಿಲೋ ಇರುವವನು ಒದ್ದೆ ಬಟ್ಟೆಯಂತೆ ತನ್ನನ್ನು ತಾನೇ ಹಿಂಡಿಕೊಂಡು ಗಡಿಯೊಳಗೆ ತೂರುತ್ತಾನೆ. ತೂಗಿಸಿಕೊಂಡ ಮೇಲೆ ನೀರು ಕುಡಿದು ಮತ್ತೆ ಹಿಗ್ಗುತ್ತಾನೆ. ತನಗಿಂತ ಚಿಕ್ಕವನು ಎದುರಿಗೆ ಸಿಗಲಿ ಎಂಬುದು ಅವನ ಆಸೆ.

ಅಕ್ಕ ಯಂತ್ರ ನಿಲ್ಲಿಸಿ ಕೇಳಿದಳು: "ಎದುರಿನವನೂ ಹಿಂಡ್ಕೊಂಡೇ ಬಂದಿರ್ತಾನಾ?"

"ಎಲ್ಲರೂ ಹಾಗೇ ಅಕ್ಕ."

"ಹಾಗಾದ್ರೆ ಮಾರನೇ ದಿನ ಎಲ್ಲರೂ ಕುಡಿದು ಮೊದಲಿನ ಹಾಗೇ ಆಗಿರ್ತಾರೆ. ಯಾರೂ ಹಿಂಡ್ಕೊಳ್ದೆ ಬಂದಿದ್ರೂ ಲೆಕ್ಕ ಅಷ್ಟೇ ಆಗ್ತಿತ್ತಲ್ಲೋ?"

ಟವೆಲ್ ಮಾಮ ಆ ಸಂಜೆ ಅದೇ ಪ್ರಶ್ನೆಯನ್ನು ಗುಂಡನ ತರಬೇತುದಾರನ ಮುಂದಿಟ್ಟ. ಎಲ್ಲರೂ ಹಿಂಡಿಕೊಂಡು ಬರುವಾಗ ನಮ್ಮವನೊಬ್ಬ ಬಿಟ್ಟರೆ ಅವನೇ ಚಿಕ್ಕವನಾಗುತ್ತಾನೆ ಎಂದ ಅವನು.

ಆ ಸಲದ್ದು ಪ್ರಶಸ್ತಿಯ ಪಂದ್ಯ. ಸಾಮಾನ್ಯ ಪಂದ್ಯಗಳಲ್ಲಿ ಗಡಿಯ ಮೇಲೆ ಸುಮಾರು ಅರ್ಧ ಕಿಲೋವರೆಗೆ ರಿಯಾಯಿತಿ ಇರುತ್ತದೆ, ಪ್ರಶಸ್ತಿಗೆ ಅದಿಲ್ಲ. ತೂಗುವ ಬೆಳಿಗ್ಗೆ ಗುಂಡನ ತುಟಿ ಸೀಳಿತ್ತು, ಕಣ್ಣು ಗುಳಿಬಿದ್ದಿತ್ತು. ಮೊದಲ ಸಲ ತೂಕದ ಯಂತ್ರವೇರಿದಾಗ ಮುನ್ನೂರು ಗ್ರಾಂ ಹೆಚ್ಚು ತೋರಿಸಿತು. ಒಂದು ಗಂಟೆ ಗಡುವು ಕೊಟ್ಟರು. ಬಿಸಿ ಕೋಣೆಯಲ್ಲಿ ಕುಳಿತ, ಬೆವರು ಬರಲಿಲ್ಲ. ಉಗುಳಲು ನೋಡಿದ, ಉಗುಳೂ ಇರಲಿಲ್ಲ. ಗಂಟೆ ಮುಗಿಯಿತು.

ಕೊನೆಯ ಸಲ ಮೈಮೇಲಿನ ಚಡ್ಡಿಯನ್ನೂ ತೆಗೆದು ತೂಗಿಸಿಕೊಳ್ಳುವುದು ಅಲ್ಲಿನ ಪದ್ಧತಿ. ಮಾನ ಮುಚ್ಚಲು ಇಬ್ಬರು ಮುಖ ಆಚೆಗೆ ತಿರುಗಿಸಿ ನಿಂತು, ಮುಂದೆ ದೊಡ್ಡ ಟವೆಲನ್ನು ಪರದೆಯಂತೆ ಹಿಡಿಯುತ್ತಾರೆ. ಒಂದು ತುದಿಯನ್ನು ತರಬೇತುದಾರ, ಇನ್ನೊಂದನ್ನು ಮಾವ ಹಿಡಿದಿದ್ದರು. ಗುಂಡ ಯಂತ್ರದ ಮೇಲೆ ನಿಂತು, ನಾಚಿದವನಂತೆ ಟವೆಲಿನ ಮೇಲಂಚಿಗೆ ಬೆರಳುಗಳನ್ನು ಇಟ್ಟ. ಆ ಕ್ಷಣವೇ ಮಾವನ ಕೈಗೆ ಭಾರ ಇಳಿಯಿತು. ಬೆರಳು ಸುಮ್ಮನೆ ಸೋಕಿದ್ದಲ್ಲ, ಒತ್ತಿತ್ತು; ಟವೆಲಿಗೆ ಬಿದ್ದಷ್ಟು ಭಾರ ಯಂತ್ರದಲ್ಲಿ ಕಡಿಮೆಯಾಗುತ್ತದೆ. ಎಷ್ಟೆಂದು ಆ ಕೈಗೆ ಯಾರೂ ಹೇಳಬೇಕಾಗಿರಲಿಲ್ಲ.

ಕೈಯನ್ನು ಒಂದು ಅಂಗುಲ ಸಡಿಲಿಸಿದ್ದರೆ ಯಂತ್ರ ನಿಜ ನುಡಿಯುತ್ತಿತ್ತು. ಆದರೆ ಹೆಗಲ ಮೇಲೆ ಹೊತ್ತು ಬೆಳೆಸಿದ ಹುಡುಗ. ಎರಡು ವರ್ಷದ ಅವನ ಉಪವಾಸ, ಅಕ್ಕನ ಕಾಯುವಿಕೆ ಎಲ್ಲವೂ ಆ ಅಂಚಿನ ಮೇಲಿದ್ದವು. ಮಾವ ತೋಳನ್ನು ಬಿಗಿಹಿಡಿದು ಆ ಭಾರವನ್ನು ತಾನು ಹೊತ್ತ. ಅಧಿಕಾರಿ ಅಂಕಿ ಓದಿದ: ಅರವತ್ತೊಂದು ಇನ್ನೂರು. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಪ್ರೀತಿಯೇ ಅವನ ಕೈಯನ್ನು ಬಿಗಿಗೊಳಿಸಿದ್ದು ನಿಜ. ಪ್ರೀತಿಯಿಂದ ಮಾಡಿದ ತಪ್ಪೂ ದೇವರ ಎದುರಿಗೆ ತಪ್ಪಾಗಿಯೇ ನಿಲ್ಲುತ್ತದೆ.

ಗುಂಡ ಆಮೇಲೆ ಕುಡಿದ ನೀರಲ್ಲಿ ಅರ್ಧವನ್ನು ಕಾರಿಕೊಂಡ. ಮರುದಿನ ಸಂಜೆ ಮೂರನೆಯ ಸುತ್ತಿನಲ್ಲಿ, ಅಂಥ ದೊಡ್ಡದೇನೂ ಅಲ್ಲದ ಒಂದು ಪೆಟ್ಟಿಗೆ ಕುಸಿದವನು ಮತ್ತೆ ಎಚ್ಚರಗೊಳ್ಳಲಿಲ್ಲ. ತಲೆಯೊಳಗೆ ರಕ್ತ ಒಸರಿತ್ತು. ಮೈಯಲ್ಲಿ ನೀರೇ ಇರಲಿಲ್ಲ, ಹಾಗಿದ್ದಾಗ ತಲೆ ಪೆಟ್ಟು ತಾಳುವುದಿಲ್ಲ ಎಂದು ಮಾವ ದುಡಿಯುವ ಆಸ್ಪತ್ರೆಯ ವೈದ್ಯೆ ಮೆಲುದನಿಯಲ್ಲಿ ಹೇಳಿದಳು. ಮೂರನೆಯ ದಿನ ಉಸಿರು ನಿಂತಿತು. ಅವನ ಮೇಲೆ ಹೊದಿಸಿದ್ದ ಹೊದಿಕೆಯನ್ನು ಮಾವನೇ ಒಗೆದ. ಬೇರೆಯವರ ಕೈಗೆ ಕೊಡಲಿಲ್ಲ.

ಸಾಂತ್ವನ ಹೇಳಲು ಬಂದವರಿಗೆಲ್ಲ ಅಕ್ಕ ಒಂದೇ ಮಾತು ಹೇಳುತ್ತಿದ್ದಳು: ನನ್ನ ಮಗ ಸೋತಿರಬಹುದು, ಆದರೆ ತೂಕದಲ್ಲಿ ಒಂದು ಗ್ರಾಂ ಮೋಸ ಮಾಡಿದವನಲ್ಲ. ಅವಳಿಗೆ ಉಳಿದಿದ್ದ ಊರುಗೋಲು ಅದೊಂದೇ. ಅದನ್ನು ಕಿತ್ತುಕೊಳ್ಳುವುದು ಹೇಗೆ? ಟವೆಲ್ ಮಾಮ ಪ್ರತಿದಿನ ಅವಳ ಮನೆಗೆ ಹೋಗಿ, ಹೊಲಿದ ಅಂಗಿಗಳನ್ನು ಮಡಿಸಿಕೊಟ್ಟು, ನಿಜ ಹೇಳದೆ ಹಿಂತಿರುಗುತ್ತಿದ್ದ. ಪ್ರಾರ್ಥನೆಗೆ ಕೈ ಮುಗಿದರೆ ಆ ಕೈಯೇ ಅವನಿಗೆ ಹೇಸಿಗೆಯಾಗುತ್ತಿತ್ತು. ಹೀಗೆ ಏಳು ತಿಂಗಳು ಕಳೆದವು.

ಆಮೇಲೆ ಒಂದು ದಿನ ತರಬೇತಿ ಶಾಲೆಯ ಹುಡುಗಿಯೊಬ್ಬಳು ಅವನನ್ನು ಬಾಗಿಲಲ್ಲಿ ತಡೆದಳು. ಇನ್ನು ಎಂಟು ದಿನಕ್ಕೆ ಅವಳನ್ನು ತೂಗುವುದಿತ್ತು. ಕೆನ್ನೆ ಆಗಲೇ ಒಳಗೆ ಹೋಗಿತ್ತು.

"ಟವೆಲ್ ಮಾಮ, ನನಗೂ ಟವೆಲು ನೀವೇ ಹಿಡೀಬೇಕು. ನೀವು ಹಿಡಿದಿದ್ದಕ್ಕೇ ಅವತ್ತು ಗುಂಡನ ತೂಕ ಸರಿ ಹೋಯ್ತು ಅಂತಾರೆ ಎಲ್ಲರೂ. ನಿಮ್ಮ ಕೈಗುಣ ಒಳ್ಳೇದಂತೆ."

ಕಪಟವಿಲ್ಲದ ಮಾತು. ಅವಳು ಅದನ್ನು ನಿಜವಾಗಿಯೂ ಶುಭವೆಂದೇ ನಂಬಿದ್ದಳು. ಟವೆಲ್ ಮಾಮ ಕೈಯಲ್ಲಿದ್ದ ಬಟ್ಟೆಯ ಗಂಟನ್ನು ನೆಲಕ್ಕಿಟ್ಟ. ಇವಳಿಗೆ ನಿಜ ಹೇಳಲೇಬೇಕು. ಹೇಳಿದರೆ ಸಂಜೆಯೊಳಗೆ ಅದು ಅಕ್ಕನ ಕಿವಿಗೆ ಬೀಳುತ್ತದೆ. ಬೇರೆಯವರ ಬಾಯಿಂದ ಬೀಳಬಾರದು. ಅವನು ನೇರ ಅಕ್ಕನ ಮನೆಗೆ ನಡೆದ.

ಅಕ್ಕ ಕಾಲರು ಕೂಡಿಸುತ್ತಿದ್ದಳು. ಅವನು ನಿಂತೇ ಎಲ್ಲವನ್ನೂ ಹೇಳಿದ: ಗುಂಡನ ಬೆರಳು, ಟವೆಲಿನ ಅಂಚು, ತನ್ನ ತೋಳು, ಈಗ ಬಾಗಿಲಲ್ಲಿ ತಡೆದ ಹುಡುಗಿ. ಯಾವುದನ್ನೂ ಮೃದುಗೊಳಿಸಲಿಲ್ಲ. ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ.

"ಎಷ್ಟಿತ್ತು?" ಎಂದಳು ಕೊನೆಗೆ.

"ಮುನ್ನೂರು ಗ್ರಾಂ."

"ಒಂದೂವರೆ ಲೋಟ ನೀರು." ಅವಳು ದಾರವನ್ನು ಹಲ್ಲಿನಿಂದ ಕತ್ತರಿಸಿದಳು. "ನೀನು ಕೈ ಬಿಟ್ಟಿದ್ರೆ ಪಂದ್ಯ ನಿಂತುಹೋಗ್ತಿತ್ತು."

"ಹೂಂ. ಕೈ ಬಿಟ್ಟಿದ್ರೆ ಅವನು ಜನ್ಮದಲ್ಲಿ ನನ್ನ ಜೊತೆ ಮಾತಾಡ್ತಿರ್ಲಿಲ್ಲ ಅಕ್ಕ. ಅದಕ್ಕೇ ಹೆದರಿದೆ."

"ಮಾತಾಡದೆ ಇರೋಕಾದ್ರೂ ಇರ್ತಿದ್ದ ಕಣೋ."

ಹೊಲಿದ ಅಂಗಿಗಳ ರಾಶಿಯ ಮೇಲೆ ಅಕ್ಕ ಮುಖವಿಟ್ಟಳು. ಅವಳ ಬೆನ್ನು ಅಲುಗುವುದನ್ನು ನೋಡಿಯೂ ಹತ್ತಿರ ಹೋಗುವ ಯೋಗ್ಯತೆ ತನಗಿಲ್ಲವೆಂದು ಅವನು ಬಾಗಿಲ ಬಳಿಯೇ ನಿಂತ. ಅವಳು ಎದ್ದು ಮುಖ ತೊಳೆದುಕೊಂಡು, ಚಪ್ಪಲಿ ಮೆಟ್ಟಿ, ಆ ಹುಡುಗಿಯ ಹತ್ತಿರ ಹೋಗೋಣ ಎಂದಾಗ ಅವನು ಬೆರಗಾದ. ಆ ತರಬೇತಿ ಶಾಲೆಗೆ ಅವಳು ಒಂದು ದಿನವೂ ಕಾಲಿಟ್ಟಿರಲಿಲ್ಲ.

ಅಲ್ಲಿ ಹುಡುಗಿಯನ್ನೂ ತರಬೇತುದಾರನನ್ನೂ ಉಳಿದವರನ್ನೂ ಕೂರಿಸಿದರು. ಟವೆಲ್ ಮಾಮ ಮಾತು ಆರಂಭಿಸಿದ. ಆ ಬೆಳಗಿನ ಕೋಣೆ, ಯಂತ್ರ, ಗಡುವು ಎಲ್ಲ ಹೇಳಿದ. ಗುಂಡ ಯಂತ್ರ ಹತ್ತಿದ ಎನ್ನುವಲ್ಲಿಗೆ ಬಂದು ನಿಂತ. ಸತ್ತ ಹುಡುಗನ ಮೇಲೆ, ಹೆತ್ತವಳ ಎದುರಿಗೆ, ಆ ಮಾತನ್ನು ಆಡುವುದು ಅವನಿಂದ ಆಗಲಿಲ್ಲ.

ಅಕ್ಕ ಮುಂದೆ ಬಂದಳು.

"ನನ್ನ ಮಗ ಟವೆಲ್ ಮೇಲೆ ಕೈ ಊರಿದ್ದ. ಇವನು ಹಿಡ್ಕೊಂಡ. ತೂಕ ಸರಿ ಇರ್ಲಿಲ್ಲ."

ತರಬೇತುದಾರ ತಲೆ ತಗ್ಗಿಸಿ, ತನ್ನ ತುದಿಯೂ ಜಗ್ಗಿತ್ತು ಎಂದು ಒಪ್ಪಿಕೊಂಡ. ಏಳು ತಿಂಗಳು ಅವನೂ ಒಬ್ಬನೇ ಅದನ್ನು ಹೊತ್ತಿದ್ದ. ಹುಡುಗಿ ಅಳಲಿಲ್ಲ, ಒಡೆದ ತುಟಿ ಕಚ್ಚಿಕೊಂಡು ಅಕ್ಕನನ್ನೇ ನೋಡುತ್ತಿದ್ದಳು. ಅಕ್ಕ ಕಿಟಕಿಯ ಬಳಿಯಿದ್ದ ಹೂಜಿಯಿಂದ ಲೋಟ ತುಂಬಿಸಿ ಅವಳ ಕೈಗೆ ಕೊಟ್ಟು, ಕುಡಿಯುವವರೆಗೂ ಅಲ್ಲಿಂದ ಕದಲಲಿಲ್ಲ. ಅವಳ ಹೆಸರನ್ನು ಒಂದು ವಿಭಾಗ ಮೇಲಕ್ಕೆ ಬರೆಸುವೆನೆಂದು ತರಬೇತುದಾರ ಅಂದೇ ಹೇಳಿದ.

ಹಿಂತಿರುಗುವಾಗ ಅಕ್ಕ ಮುಂದೆ ನಡೆದಳು, ಅವನು ನಾಲ್ಕು ಹೆಜ್ಜೆ ಹಿಂದೆ. ತನ್ನ ಬೀದಿಯ ತಿರುವು ಬಂದಾಗ ಅವಳು ನಿಲ್ಲಲಿಲ್ಲ. ನಾಳೆ ಬಾ ಎನ್ನಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಅವಳ ಮನೆಯ ಬಾಗಿಲು ಮುಚ್ಚಿದ ಸದ್ದು ಕೇಳುವವರೆಗೆ ಅವನು ಆ ತಿರುವಿನಲ್ಲಿಯೇ ನಿಂತಿದ್ದ.