ಮೇನಕಾ ಮಗಳನ್ನು ಶಾಲೆ ಬಿಡಿಸಿದ ವರ್ಷ

ನಮ್ಮ ಮೇನಕಾಳಿಗೆ ತಲೆ ಕೆಟ್ಟಿದೆ ಎಂದು ತಮಿಳುನಾಡಿನ ಎಡಪ್ಪಾಡಿಯ ನಮ್ಮ ನೇಕಾರರ ಬೀದಿಯಲ್ಲಿ ಮೊದಲು ಹೇಳಿದವಳು ನಾನೇ. ಹೇಳಿದ್ದೇನು, ಅವಳ ಬಾಗಿಲಲ್ಲಿ ನಿಂತು ಕೂಗಿದೆ. ನಾಲ್ಕು ಮನೆಗೆ ಕೇಳಿಸಿತು. ಮೂವತ್ತನಾಲ್ಕು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿ ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದವಳು ಈ ಗಂಗಲಕ್ಷ್ಮಮ್ಮ. ನನ್ನ ತಮ್ಮನ ಮಗಳೇ, ಗೋಡೆಗೆ ಗೋಡೆ ಅಂಟಿದ ಮನೆಯವಳೇ, ಏಳನೇ ಕ್ಲಾಸಿನ ಮಗಳ ಟಿ.ಸಿ. ತಂದು ದೇವರ ಪಟದ ಹಿಂದೆ ಸಿಕ್ಕಿಸಿ, "ಇನ್ಮೇಲೆ ಕೃಪಾಗೆ ನಾನೇ ಮನೇಲಿ ಪಾಠ ಏಳ್ಕೊಡ್ತೀನಿ ಅತ್ತೆ" ಎಂದರೆ ಕೋಪ ಬರದೆ ಇನ್ನೇನು ಬರಬೇಕು?

"ಊರಿಗೆಲ್ಲ ಒಂದು ದಾರಿ ಆದ್ರೆ ನಿಂಗೇ ಒಂದು ದಾರಿನೇನೇ? ನೀನೇನು ಟೀಚರ್ ಟ್ರೈನಿಂಗ್ ಮಾಡಿದ್ದೀಯಾ?" ಎಂದೆ.

ಮೇನಕಾ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ನೇಯುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. "ನೀವು ಕನ್ನಡ ಓದೋದು ಬರ್ಯೋದು ಯಾವ ಇಸ್ಕೂಲಲ್ಲಿ ಕಲ್ತ್ರಿ ಅತ್ತೆ?" ಎಂದು ಕೇಳಿದಳು.

ಈ ಊರಿನ ಯಾವ ಶಾಲೆಯಲ್ಲಿ ನಮ್ಮ ಕನ್ನಡ ಕಲಿಸುತ್ತಾರೆ? ಆಡುವುದು ಕನ್ನಡ, ಓದುವುದು ತಮಿಳು, ಅದು ನಮ್ಮ ಮನೆಗಳ ಪಾಡು. ನನಗೆ ಅಕ್ಷರ ತಿದ್ದಿಸಿದ್ದು ನಮ್ಮಪ್ಪ, ಇದೇ ಬೀದಿಯ ಜಗಲಿಯ ಮೇಲೆ, ಹಳೆಯ ಪಂಚಾಂಗ ಇಟ್ಟುಕೊಂಡು. ಅದನ್ನು ನನ್ನ ಮುಖಕ್ಕೇ ಎಸೆದಳಲ್ಲ ಎಂದು ಇನ್ನೂ ಸಿಟ್ಟು ಬಂತು. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.

ಮೇನಕಾ ಎಂದರೆ ಹಾಗೇ. ಮಾತು ಕಡಿಮೆ, ಹಟ ಜಾಸ್ತಿ. ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ತೊಂಬತ್ತಾರು ತೆಗೆದ ಹುಡುಗಿ. ಫಲಿತಾಂಶ ಬಂದ ತಿಂಗಳಲ್ಲೇ ಅವರಪ್ಪ ಹಾಸಿಗೆ ಹಿಡಿದ. ಅವನ ಮಗ್ಗದ ಗುಂಡಿಗೆ ಇಳಿದವಳು ಮತ್ತೆ ಮೇಲೆ ಬರಲಿಲ್ಲ. ಇಪ್ಪತ್ತಕ್ಕೆ ಮದುವೆ. ಗಂಡ ಪಳನಿ ಶಂಕಗಿರಿಯ ಧನಪಾಲ್ ಎಂಬುವರ ಲಾರಿ ಓಡಿಸುತ್ತಾನೆ. ನಾಗಪುರ, ಡೆಲ್ಲಿ ಎಂದು ಹೋದರೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಮನೆ ಕಾಣುವವನು. ಒಳ್ಳೆಯವನೇ, ಆದರೆ ಸದಾ ಅವಸರ, ಕೂತಲ್ಲೇ ಕಾಲು ಅಲ್ಲಾಡಿಸುತ್ತಿರುತ್ತಾನೆ. ಇರುವುದು ಒಬ್ಬಳೇ ಮಗಳು, ಕೃಪಾ. ಆ ಮಗುವಿಗೆ ಉಗ್ಗು.

ಮನೆಯಲ್ಲಿ ಅಷ್ಟೊಂದು ಇರಲಿಲ್ಲ, ಶಾಲೆಯಲ್ಲಿ ಜಾಸ್ತಿಯಾಗುತ್ತಿತ್ತು. ಎದ್ದು ನಿಂತು ಓದು ಎಂದರೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಿದ್ದಳು. ಉಳಿದ ಮಕ್ಕಳು 'ತಿಕ್ಕುವಾಯಿ', ಅಂದರೆ ಉಗ್ಗುಬಾಯಿ, ಎಂದು ತಮಿಳಿನಲ್ಲಿ ಆಡಿಕೊಳ್ಳುತ್ತಿದ್ದರು. ಟೀಚರು ಪಾಪ, ಅವಳ ಸರದಿ ಬಂದರೆ ಸುಮ್ಮನೆ ಮುಂದಿನವಳಿಗೆ ಹೋಗಿಬಿಡುತ್ತಿದ್ದರಂತೆ. ಅದನ್ನು ನಾನು ತಪ್ಪು ಎನ್ನಲಿಲ್ಲ, ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಆದರೆ ಮಗುವಿಗೆ ಪ್ರತಿ ಸೋಮವಾರ ಹೊಟ್ಟೆನೋವು ಶುರುವಾಯಿತು. ಆಮೇಲೆ ಮಂಗಳವಾರವೂ ಬಂತು. ಒಂದು ದಿನ ಯೂನಿಫಾರ್ಮು ಹಾಕಿಕೊಂಡವಳು ಮಗ್ಗದ ಗುಂಡಿಗೇ ಇಳಿದು ಅಮ್ಮನ ಕಾಲ ಹತ್ತಿರ ಮುದುಡಿ ಕೂತಳಂತೆ. ಮಾರನೇ ದಿನ ಮೇನಕಾ ಟಿ.ಸಿ. ತಂದಳು. ಎಂಟನೇ ಕ್ಲಾಸಿನ ಪರೀಕ್ಷೆಯನ್ನು ಪ್ರೈವೇಟಾಗಿ ಬರೆಸುತ್ತೇನೆ ಎನ್ನುವುದು ಅವಳ ಲೆಕ್ಕ.

ಪಳನಿ ಊರಿಗೆ ಬಂದವನು ಬೆಚ್ಚಿಬಿದ್ದ. ಅವನ ಲಾರಿಯ ಓನರ್ ಧನಪಾಲ್ ನಾಮಕ್ಕಲ್ ಕಡೆಯ ಒಂದು ಹಾಸ್ಟೆಲ್ ಶಾಲೆಯ ಕಮಿಟಿಯಲ್ಲಿ ಇದ್ದಾರೆ. ಒಂದು ಸೀಟು ಇಟ್ಟಿರುತ್ತೇನೆ ಎಂದಿದ್ದರಂತೆ. ಪಳನಿ ನೇರ ನನ್ನ ಹತ್ತಿರ ಬಂದ.

"ಅತ್ತೆ, ನಂಗೆ ಓದು ಬರಾಕಿಲ್ಲ. ನೀವು ಎಡ್‌ಮಿಸ್ಟ್ರೆಸ್. ಒಂದು ತಿಂಗಳು ನೋಡಿ. ಮನೇಲಿ ಓದು ತಲೆಗೆ ಅತ್ತುತ್ತೆ ಅಂದ್ರೆ ಮನೇಲೇ ಇರ್ಲಿ. ಇಲ್ಲಾಂದ್ರೆ ಆಸ್ಟಲ್‌ಗೆ ಆಕ್ಬುಡ್ತೀನಿ. ನೀವು ಏಳಿದ್ದೇ ಕಡೇ ಮಾತು."

ಅಲ್ಲಿಗೆ ಆ ಮಗುವಿನ ಗತಿ ನನ್ನ ನಾಲಿಗೆ ಮೇಲೆ ಬಂದು ಕೂತಿತು. ನನಗೆ ಒಳಗೊಳಗೇ ಖುಷಿ. ಹಾಸ್ಟೆಲ್ ಎಂದು ಹೇಳುವುದು ಎಂದು ಆಗಲೇ ತೀರ್ಮಾನಿಸಿಬಿಟ್ಟಿದ್ದೆ. ಆದರೂ ನ್ಯಾಯ ಎಂದರೆ ನ್ಯಾಯ, ಮಾರನೇ ಬೆಳಿಗ್ಗೆಯೇ ತಪಾಸಣೆಗೆ ಹೊರಟೆ.

ಕೃಪಾಳನ್ನು ಎದುರಿಗೆ ನಿಲ್ಲಿಸಿ, ಮೆಟ್ಟೂರು ಡ್ಯಾಮ್ ಯಾವ ನದಿಗೆ ಕಟ್ಟಿದ್ದು ಎಂದು ಕೇಳಿದೆ. "ಕಾ... ಕಾ..." ಎಂದಳು. "ಕಾವೇರಿ. ಸರಿ, ಮುಂದಿಂದು," ಎಂದೆ. ಎರಡನೆಯದಕ್ಕೂ ಹಾಗೇ, ಮೂರನೆಯದಕ್ಕೂ ಹಾಗೇ. ಮಗ್ಗ ನಿಂತಿತು. ಗುಂಡಿಯೊಳಗಿಂದ ಮೇನಕಾ, "ಅತ್ತೆ, ಪ್ರಶ್ನೆ ನೀವೇ ಕೇಳಿ ಉತ್ರ ನೀವೇ ಏಳಂಗಿದ್ರೆ ನಮ್ಮ ಮಗು ಯಾಕೆ? ಒಸಿ ಬಾಯಿ ಮುಚ್ಕಂಡಿರಿ," ಎಂದಳು.

ನನಗೆ! ಕಲೆಕ್ಟರ್ ಕೈಯಿಂದ ಶಾಲು ಹೊದಿಸಿಕೊಂಡ ನನಗೆ ಬಾಯಿ ಮುಚ್ಕೋ ಎಂದಳು! ಮೂರು ದಿನ ಆ ಕಡೆ ತಲೆ ಹಾಕಲಿಲ್ಲ.

ನಾಲ್ಕನೇ ದಿನ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಪಕ್ಕದ ಮನೆಯಿಂದ ಮಗ್ಗದ ಸದ್ದು. ಅದು ಹುಟ್ಟಿದಾಗಿನಿಂದ ಕೇಳಿದ್ದು, ಕಿವಿಗೆ ಬೀಳುವುದೇ ಇಲ್ಲ. ಆದರೆ ಆ ದಿನ ಸದ್ದಿನ ಜೊತೆಗೆ ಒಂದು ದನಿಯೂ ಬರುತ್ತಿತ್ತು. ತಮಿಳು ಪುಸ್ತಕದ ವಿಜ್ಞಾನ ಪಾಠ. ಬೇರು ನೀರನ್ನು ಎಳೆಯುತ್ತದೆ, ಎಲೆ ಬಿಸಿಲನ್ನು ಹಿಡಿಯುತ್ತದೆ. ಲಾಳಿ ಅತ್ತ ಹೋದರೆ ಒಂದು ಮಾತು, ಇತ್ತ ಬಂದರೆ ಒಂದು ಮಾತು. ಎಲ್ಲೂ ತಡೆ ಇಲ್ಲ. ಯಾರಪ್ಪಾ ಇದು ಎಂದು ಮೊರ ಬಿಟ್ಟು ಬರಿಗಾಲಲ್ಲೇ ಓಡಿದೆ.

ಕೃಪಾ! ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಅಮ್ಮನ ಮಗ್ಗದ ತಾಳಕ್ಕೆ ಪಾಠ ಓದುತ್ತಿದ್ದಳು. ಅಮ್ಮ ನಿಧಾನ ಮಾಡಿದರೆ ಇವಳೂ ನಿಧಾನ. ಇಡೀ ಪುಟ ಮುಗಿಸಿದಳು. ಆಮೇಲೆ ಲೆಕ್ಕ. ಸೀರೆಯ ಅಂಚಿಗೆ ಎಷ್ಟು ಎಳೆ, ಒಡಲಿಗೆ ಎಷ್ಟು, ಶೇಕಡಾ ಎಷ್ಟಾಯಿತು ಎಂದು ಮೇನಕಾ ಕೇಳುತ್ತಾಳೆ, ಮಗು ನೂಲು ಮುಟ್ಟಿ ನೋಡಿ ಹೇಳುತ್ತದೆ. ನನ್ನ ಶಾಲೆಯಲ್ಲಿ ಶೇಕಡಾ ಕಲಿಸಲು ನಾನು ಎಷ್ಟು ಬೆತ್ತ ಮುರಿದಿದ್ದೆನೋ ದೇವರಿಗೇ ಗೊತ್ತು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ.

ಅವತ್ತಿನಿಂದ ನಾನು ಬದಲಾದೆ. ಅತಿಯಾಗಿಯೇ ಬದಲಾದೆ, ಅದೇ ತಪ್ಪಾಯಿತು. ಮಗುವಿನ ಉಗ್ಗು ವಾಸಿಯಾಯಿತು ಎಂದು ಬೀದಿಗೆಲ್ಲ ಸಾರಿದೆ. ತಿಂಗಳು ಮುಗಿಯುವ ಭಾನುವಾರ ಪಳನಿ ಬರುತ್ತೇನೆ ಎಂದಾಗ, "ನಿಮ್ಮ ಓನರನ್ನೂ ಕರ್ಕೊಂಡು ಬಾರಯ್ಯಾ. ಅವರ ಹಾಸ್ಟೆಲ್ ಮಕ್ಕಳು ಇವಳ ಮುಂದೆ ನಿಲ್ಲಲಿ ನೋಡೋಣ," ಎಂದು ಫೋನಿನಲ್ಲಿ ಕೊಚ್ಚಿಕೊಂಡೆ. ಮೇನಕಾ ಬೇಡ ಎಂದಳು. ಕೇಳುವವಳೇ ನಾನು?

ಬಂದ ದೊಡ್ಡ ಮನುಷ್ಯರನ್ನು ಮಗ್ಗದ ಮನೆಯಲ್ಲಿ ಕೂರಿಸುವುದೇ ಎಂದು ನನ್ನ ಮನೆಯ ಹಾಲಿನಲ್ಲಿ ಕುರ್ಚಿ ಹಾಕಿಸಿದೆ. ಫ್ಯಾನು, ಕಾಫಿ, ಮುರುಕು ಎಲ್ಲ ಆಯಿತು. ಧನಪಾಲ್ ಮರ್ಯಾದಸ್ಥರು, ಮೆಲ್ಲಗೆ, "ಒಂದು ಪಾಠ ಓದಮ್ಮಾ," ಎಂದರು.

ಕೃಪಾ ಪುಸ್ತಕ ಬಿಚ್ಚಿದಳು. ಬಾಯಿ ತೆರೆದಳು. ಮೊದಲ ಅಕ್ಷರ ಗಂಟಲಲ್ಲೇ ನಿಂತಿತು. ಕತ್ತಿನ ನರ ಉಬ್ಬಿತು, ಕಣ್ಣು ಬಿಗಿದುಕೊಂಡವು. ಆಗ ನನಗೆ ಹೊಳೆಯಿತು. ಮಗ್ಗವಿಲ್ಲದ ಕಡೆ ತಂದು ನಿಲ್ಲಿಸಿದ್ದೆ! ಮಾಡಿದ್ದುಣ್ಣೋ ಮಹಾರಾಯ.

"ಪಾವಂ," ಎಂದು ತಮಿಳಿನಲ್ಲಿ ಮರುಗಿ ಧನಪಾಲ್ ತಲೆ ತಗ್ಗಿಸಿದರು. ಪಳನಿಯ ಮುಖ ಕಪ್ಪಿಟ್ಟಿತು. "ಬುಡು ಮಗಾ. ಬುಡು. ಅತ್ತೆ, ಇನ್ನೇನು ನೋಡಾದೈತೆ? ನಾಳೇನೇ ಆಸ್ಟಲ್‌ಗೆ ಕರ್ಕಂಡೋಯ್ತೀನಿ. ನಾಡಿದ್ದು ನಂಗೆ ಲೋಡೈತೆ," ಎಂದು ಎದ್ದ.

ಮೇನಕಾ ಯಾವಾಗ ಹೊರಗೆ ಹೋದಳೋ ನಾನು ನೋಡಲಿಲ್ಲ. ಗೋಡೆಯ ಆ ಕಡೆ ಮಗ್ಗ ಶುರುವಾಯಿತು. ನನಗೆ ಜೀವ ಬಂದ ಹಾಗಾಯಿತು. ಓದೇ, ಓದೇ ಎಂದು ಕಣ್ಣಲ್ಲೇ ಹೇಳಿದೆ. ಕೃಪಾ ನನ್ನನ್ನು ನೋಡಿದಳು, ಪುಸ್ತಕ ಮುಚ್ಚಿದಳು, ಗೋಡೆಯ ಹತ್ತಿರ ಹೋಗಿ, ನಿಲ್ಲಿಸು ಎನ್ನುವಂತೆ ಅಂಗೈಯಿಂದ ಮೂರು ಸಲ ಬಡಿದಳು. ಮಗ್ಗ ನಿಂತಿತು. ಮೇನಕಾ ಓಡಿ ಬಂದು ಬಾಗಿಲಲ್ಲಿ ನಿಂತಳು.

"ಅ... ಅ... ಅಪ್ಪಾ. ನಾ... ನಾನು ಓ... ಓಗಾಕಿಲ್ಲ."

"ಯಾಕವ್ವಾ? ಅಲ್ಲಿ ಎಲ್ಲಾ ಐತೆ. ದೊಡ್ಡ..."

ಕೃಪಾ ಕೈ ಎತ್ತಿದಳು. ಪಳನಿ ಬಾಯಿ ಮುಚ್ಚಿದ.

"ಅ... ಅಲ್ಲಿ ಯಾ... ಯಾರೂ ಕಾ... ಕಾ..."

ಆ ಮಾತು ಏನೆಂದು ನನಗೆ ಗೊತ್ತಾಯಿತು. ನಾಲಿಗೆಯ ತುದಿಗೇ ಬಂದಿತ್ತು. ಹೇಳಿಬಿಡೋಣ, ಮಗುವಿನ ಕಷ್ಟ ತಪ್ಪಲಿ ಎನಿಸಿತು. ನನ್ನ ಕ್ಲಾಸಿನಲ್ಲಿ ಮುತ್ತುಸ್ವಾಮಿ ಎಂದು ಒಬ್ಬ ಹುಡುಗ ಇದ್ದ, ಇವಳ ಹಾಗೇ ಉಗ್ಗು. ಅವನ ಉತ್ತರಗಳನ್ನೆಲ್ಲ ನಾನೇ ಮುಗಿಸಿ, ಕೂರಪ್ಪಾ ಎನ್ನುತ್ತಿದ್ದೆ. ನಲವತ್ತೈದು ಮಕ್ಕಳು, ನಲವತ್ತು ನಿಮಿಷ, ಇನ್ನೇನು ಮಾಡಲಿ? ಐದನೇ ಕ್ಲಾಸಿಗೇ ಅವನು ಬರುವುದು ನಿಲ್ಲಿಸಿದ. ಅವನು ಏನು ಹೇಳಲು ಹೊರಟಿದ್ದನೋ ಒಂದು ದಿನವೂ ನಾನು ಕೇಳಲಿಲ್ಲ. ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಸುಮ್ಮನೆ ಕೂತೆ.

ಫ್ಯಾನು ತಿರುಗುತ್ತಿತ್ತು.

"...ಕಾಯಾಕಿಲ್ಲ," ಎಂದಳು ಕೃಪಾ. "ಅ... ಅಮ್ಮ ಕಾಯ್ತಾಳೆ."

ಪಳನಿ ಮಗಳ ಮುಖವನ್ನೇ ನೋಡುತ್ತಾ ನಿಂತಿದ್ದ. ಹನ್ನೆರಡು ವರ್ಷದಲ್ಲಿ ಅವಳ ಒಂದು ಮಾತನ್ನಾದರೂ ಕೊನೆವರೆಗೆ ಕೇಳಿದ್ದನೋ ಇಲ್ಲವೋ. ಫೋನಿನಲ್ಲಿ ಅವಳು ಶುರು ಮಾಡುವ ಮೊದಲೇ, ಸರಿ ಸರಿ, ಅಮ್ಮನ ಕೈಗೆ ಕೊಡು ಎನ್ನುತ್ತಿದ್ದವನು ಅವನು. ಓನರ್ ಕಡೆ ತಿರುಗಿ, "ಅಣ್ಣಾ, ಆ ಸೀಟು ಬೇರೆ ಮಗೀಗೆ ಕೊಡಿ. ನಾಡಿದ್ದಿನ ಲೋಡು ಬೇರೆ ಯಾರಾದ್ರೂ ಎತ್ಕಳ್ಳಿ," ಎಂದ. ಧನಪಾಲ್ ತಲೆಯಾಡಿಸಿ ಮತ್ತೆ ಕುರ್ಚಿಗೆ ಒರಗಿದರು. ಪಳನಿ ಮಗಳೆದುರು ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತ.

"ಇನ್ನೂ ಏನೇನು ಏಳ್ಬೇಕು ಅಂತಿದ್ದೀಯೋ ಎಲ್ಲಾ ಏಳವ್ವಾ. ನಂಗೇನೂ ಅವಸರ ಇಲ್ಲ."

ಅವಳಿಗೆ ಹೇಳುವುದು ಬಹಳ ಇತ್ತು. ಊಟದ ಹೊತ್ತು ಮೀರಿತು, ನಾವು ಯಾರೂ ಅಲ್ಲಿಂದ ಕದಲಲಿಲ್ಲ.