ಕೌದಿ ತಂದವಳು ನಾನು

ಮಂಗಳವಾರ ಬೆಳಿಗ್ಗೆ ಒಂಬತ್ತೂ ಕಾಲು. ಕುಷ್ಟಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಎರಡನೆಯ ತರಗತಿಗೆ ಮಗ್ಗಿ ಹೇಳಿಸುತ್ತಿದ್ದೆ. ಮಾಳಿಗೆಯ ತೊಲೆಯ ಮೇಲಿಂದ ಒಂದು ಇಲಿ ಬಿತ್ತು. ಓಡಲಿಲ್ಲ. ಕುಡಿದವರ ಹಾಗೆ ಎರಡು ಸುತ್ತು ತಿರುಗಿತು, ನನ್ನ ಕುರ್ಚಿಯ ಕಾಲಿನ ಹತ್ತಿರ ಬಂದು ಮಗ್ಗುಲಾಯಿತು, ಸತ್ತಿತು.

ಧಾರವಾಡದಲ್ಲಾಗಿದ್ದರೆ ಹುಡುಗಿಯರು ಕಿರುಚಿ ಬೆಂಚು ಹತ್ತುತ್ತಿದ್ದರು. ಇಲ್ಲಿ ಒಬ್ಬಳೂ ಸದ್ದು ಮಾಡಲಿಲ್ಲ. ಎಲ್ಲರೂ ಎದ್ದು ಪಾಟಿ ಎತ್ತಿಕೊಂಡರು. ದೊಡ್ಡವರು ಚಿಕ್ಕವರ ಕೈ ಹಿಡಿದರು. ಗೌರವ್ವ ಎಂಬ ಹುಡುಗಿ ಬಾಗಿಲಲ್ಲಿ ತಿರುಗಿ ನನ್ನನ್ನು ನೋಡಿದಳು.

“ಅಕ್ಕೋರ, ಸಾಲಿ ಮುಗೀತ್ರಿ. ಊರು ಬಿಡಬೇಕ್ರಿ. ನೀವೂ ಹೊಲಕ್ಕ ನಡೀರಿ.”

ಇಲ್ಲಿ ಶಾಲೆಯ ಉಪಾಧ್ಯಾಯಿನಿಗೆ ಅಕ್ಕೋರು ಎನ್ನುತ್ತಾರೆ. ನಾನು ಇನ್ನೂ ಇಲಿಯನ್ನೇ ನೋಡುತ್ತಿದ್ದುದನ್ನು ಕಂಡು ಅವಳೇ ಮತ್ತೆ ಕೇಳಿದಳು: “ನಿಮ್ಮ ಹೊಲ ಎಲ್ಲೈತ್ರಿ?”

ನಮಗೆ ಹೊಲವಿರಲಿಲ್ಲ. ಈ ಸೀಮೆಯಲ್ಲಿ ನಮ್ಮದೆನ್ನುವುದು ಬಾಡಿಗೆಯ ಎರಡು ಖೋಲಿ, ಒಂದು ಟ್ರಂಕು, ನಾಲ್ಕು ವರ್ಷದ ಸುಮತಿ, ಎಂಟು ತಿಂಗಳ ಮಾಧು. ಇವರೆಲ್ಲರ ಹಿಂದೆ ನಮ್ಮ ಮನೆಯವರು.

ಆ ಒಂಬತ್ತೂ ಕಾಲು ಇನ್ನೂ ನನ್ನ ತಲೆಯೊಳಗೆ ಓಡುತ್ತಲೇ ಇದೆ. ಈಗಲೂ ಯಾವ ಮನೆಗೆ ಹೋದರೂ ಮೊದಲು ತೊಲೆಯನ್ನು ನೋಡುತ್ತೇನೆ.

ನಾವು ಇಲ್ಲಿಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ಯುದ್ಧ ಶುರುವಾಗಿ ಕಾಗದ ಸಿಗದಾದಾಗ ನಮ್ಮ ಮನೆಯವರು ಅಚ್ಚಿನ ಮೊಳೆ ಜೋಡಿಸುತ್ತಿದ್ದ ಧಾರವಾಡದ ಮುದ್ರಣಾಲಯ ಮುಚ್ಚಿತು. ನಾನು ಬಿ.ಎ. ಆಗಿದ್ದೆ. ನಿಜಾಮರ ಸೀಮೆಯಲ್ಲಿ ಓದಿದ ಹೆಂಗಸರು ಬೇಕಾಗಿದ್ದಾರೆ ಎಂದು ಯಾರೋ ಹೇಳಿದರು. ಅರ್ಜಿ ಹಾಕಿದೆ, ಹುಕುಂ ಬಂತು. ಬಳಗದವರೆಲ್ಲ ಗಂಡನನ್ನು ಬಿಟ್ಟು ಒಬ್ಬಳೇ ಹೇಗೆ ಹೋಗುತ್ತೀ ಎಂದರು. ಇವರು ಮಾತ್ರ, “ಬಿಟ್ಟು ಯಾಕ ಹೋಗ್ತಾಳ? ನಾನೂ ಹೋಗ್ತೀನಲ್ಲ” ಎಂದು ಟ್ರಂಕು ಕಟ್ಟಿದರು.

ಕೊಪ್ಪಳದ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಕರೋಡಗಿರಿ ನಾಕಾ, ಅಂದರೆ ನಿಜಾಮರ ಸುಂಕದ ಕಟ್ಟೆ. ಸಿಪಾಯಿ ಟ್ರಂಕು ತೆರೆಸಿದ. ಮೇಲೆಯೇ ನನ್ನ ತಾಯಿ ಹೊಲಿದ ಕೌದಿ ಇತ್ತು. ಅಜ್ಜಿಯ ಇಳಕಲ್ ಸೀರೆ, ತಾಯಿಯ ಮದುವೆಯ ಕುಪ್ಪಸ, ನಾನು ಚಿಕ್ಕವಳಿದ್ದಾಗ ಉಡುತ್ತಿದ್ದ ಪರಕಾರ ಎಲ್ಲ ಸೇರಿದ ಕೌದಿ. ಅವನು ಬಿಡಿಸಿ, ಕೊಡವಿ, ಅಂಚುಗಳನ್ನು ಒತ್ತಿ ನೋಡಿದ.

“ಇದರಾಗ ಏನೈತ್ರಿ?”

“ನಮ್ಮತ್ತಿ ಮನಿ ಹೆಂಗಸರೆಲ್ಲಾ ಅದಾರ,” ಎಂದರು ಇವರು. “ಸುಂಕ ಹಾಕ್ತಿದ್ರ ಒಬ್ಬೊಬ್ಬರಿಗೂ ಹಾಕು ಮಾರಾಯಾ.”

ಸಿಪಾಯಿ ನಕ್ಕು ಬಿಟ್ಟುಬಿಟ್ಟ. ಅಲ್ಲಿಂದ ಕುಷ್ಟಗಿಯವರೆಗೆ ಗಾಡಿಯಲ್ಲಿ ಸುಮತಿ ಆ ಕೌದಿಯಲ್ಲಿ ಸುತ್ತಿಕೊಂಡು ಮಲಗಿದ್ದಳು.

ಊರು ಕಲಿಯುವುದಕ್ಕೆ ಒಂದು ವರ್ಷ ಹಿಡಿಯಿತು. ಕಚೇರಿಯ ಮಾತೆಲ್ಲ ಉರ್ದು. ರಜೆಗೆ ರುಖ್ಸತ್ ಎನ್ನಬೇಕು. ಅರ್ಜಿ ಬಲದಿಂದ ಎಡಕ್ಕೆ ಹೋಗಬೇಕು. ನಮ್ಮ ಕಡೆಯ ಅಕ್ಕಿ ಇಲ್ಲಿ ಹಬ್ಬದ ಊಟ. ದಿನವೂ ಸಜ್ಜೆ, ಜೋಳ. ಅಲ್ಲಿ ಹಿತ್ತಲಲ್ಲೇ ಬಾವಿ, ಇಲ್ಲಿ ನೀರಿಗೆ ಊರಾಚೆಯ ಬಾವಿಗೆ ಹೋಗಬೇಕು. ನಮ್ಮ ಮನೆಯಲ್ಲಿ ನೀರಿಗೆ ಹೋಗುತ್ತಿದ್ದವರು ಇವರು. ತಲೆಗೆ ಸಿಂಬಿ ಇಟ್ಟು, ಅದರ ಮೇಲೆ ಕೊಡ, ಬೆನ್ನಿಗೆ ಪಂಚೆಯಲ್ಲಿ ಕಟ್ಟಿದ, ಇಲ್ಲಿಯೇ ಹುಟ್ಟಿದ ಮಾಧು. ಇಡೀ ಊರು ನೋಡಲು ನಿಲ್ಲುತ್ತಿತ್ತು. ಇವರ ಹೆಸರು ಯಾರಿಗೂ ಬೇಕಾಗಲಿಲ್ಲ. ‘ಅಕ್ಕೋರ ಗಂಡ’ ಎಂದರಾಯಿತು.

ನಮ್ಮ ಮನೆಯ ಒಡತಿ ನೀಲವ್ವ ಅರವತ್ತರ ವಿಧವೆ, ಬಾಯಿ ಜೋರು. ಬಾವಿಕಟ್ಟೆಯ ಮೇಲೆ ಒಮ್ಮೆ ಎಲ್ಲರೆದುರು ಕೇಳಿದಳು: “ಏನೋ ಅಕ್ಕೋರ ಗಂಡ, ಕೂಸಿಗೆ ಎಣ್ಣಿ ಹಚ್ಚತಿ, ಎರೀತಿ, ತೂಗತಿ. ಇನ್ನ ಹಡಿಯೂದೊಂದು ಉಳೀತಲ್ಲೋ?”

“ಅದನ್ನ ಅಕಿ ಬಿಟ್ಟಕೊಡವಲ್ಲಳು, ಏನ ಮಾಡ್ಲಿ?” ಎಂದರಂತೆ ಇವರು. ಹೆಂಗಸರು ಕೊಡ ಕೆಳಗಿಟ್ಟು ನಕ್ಕರಂತೆ. ಮನೆಗೆ ಬಂದು ನನಗೆ ಹೇಳುವಾಗ ಇವರೂ ನಕ್ಕರು. ಆದರೆ ಅಂದು ಬಹಳ ಹೊತ್ತು ಮೊಳೆ ಜೋಡಿಸುವವರ ಹಾಗೆ ಬೆರಳುಗಳನ್ನು ಆಡಿಸುತ್ತ ಕುಳಿತಿದ್ದರು. ನಾನು ಅದನ್ನು ನೋಡಿದೆ.

ಇಲಿ ಬಿದ್ದ ದಿನ ಮಧ್ಯಾಹ್ನ ಅದೇ ನೀಲವ್ವ ಬಂದು, “ನನ್ನ ಹೊಲ ಐತಿ, ಬರ್ರಿ” ಎಂದಳು. ಊರೇ ಗಾಡಿ ಕಟ್ಟಿತ್ತು. ಗಂಟುಬ್ಯಾನಿ, ಅಂದರೆ ಪ್ಲೇಗು, ಬಂದಾಗ ಇಲ್ಲಿಯ ಜನಕ್ಕೆ ಮಾಡಬೇಕಾದದ್ದು ಬಾಯಿಪಾಠ. ಕಾಳು, ಪಾತ್ರೆ, ದನ ಹೊರಗೆ. ಹಾಸಿಗೆ, ಹೊದಿಕೆ ಮಾತ್ರ ಮನೆಯೊಳಗೇ ಬಿಟ್ಟು ಬಾಗಿಲು ಹಾಕಬೇಕು. ಹೊಲದಲ್ಲಿ ಹೊಸ ಜೋಳದ ದಂಟಿನಿಂದ ಗುಡಿಸಲು ಕಟ್ಟಿ, ದಂಟನ್ನೇ ಹಾಸಿ ಅದರ ಮೇಲೆ ಮಲಗಬೇಕು. ನಮ್ಮ ಪಕ್ಕದ ಗುಡಿಸಲಿನ ಇಮಾಮಸಾಬ ಅರಳೆ ಹಿಂಜಿ ಗಾದಿ ತುಂಬುವವನು. ಅರಳೆ ಹಿಂಜುವ ಬಿಲ್ಲನ್ನೂ ಮನೆಯಲ್ಲೇ ಬಿಟ್ಟು ಬಂದಿದ್ದ.

“ಗಾದಿ ಮಾಡಿ ಉಣ್ಣಾಂವ ನಾನು. ನನ್ನ ಮಕ್ಕಳಽ ದಂಟಿನ ಮ್ಯಾಲೆ ಮಲಗ್ಯಾವ,” ಎಂದು ನಮಗೆ ಹೇಳಿದ. “ಯಾರಽ ಅಂದ್ರೂ ಒಂದು ಅರಿವಿ ಸುದ್ದಾ ಮನ್ಯಾಗಿಂದ ತರಬ್ಯಾಡ್ರಿ.”

ಚಳಿಗಾಲ. ಬಯಲಿನ ಗಾಳಿ ದಂಟಿನ ಗೋಡೆಯನ್ನು ದಾಟಿ ನೇರವಾಗಿ ಮಕ್ಕಳ ಮೈಗೆ ತಗಲುತ್ತಿತ್ತು. ಮಾಧುವಿಗೆ ಕೆಮ್ಮು ಹತ್ತಿತು. ಇವರು ತಮ್ಮ ಅಂಗಿಯನ್ನೂ ಅವನಿಗೆ ಸುತ್ತಿ ಬರಿಮೈಯಲ್ಲಿ ಇರುತ್ತಿದ್ದರು. ಹನ್ನೆರಡನೆಯ ದಿನ ನಾನು ಶಾಲೆಯ ಹಾಜರಿ ಪುಸ್ತಕ ತರುತ್ತೇನೆಂದು ಹೇಳಿ ಊರಿಗೆ ಹೋದೆ. ಹಾಜರಿ ಪುಸ್ತಕವನ್ನು ತಂದದ್ದು ನಿಜ. ಅದರ ಜೊತೆಗೆ ಮನೆಯ ಬೀಗ ತೆಗೆದು ಕೌದಿಯನ್ನೂ ತಂದೆ.

ನನಗೆ ತಿಳಿಯದೆ ಮಾಡಿದೆನೆಂದು ಹೇಳಲಾರೆ. ಇಲಿಯಿಂದ ಚಿಗಟ, ಚಿಗಟದಿಂದ ಮನುಷ್ಯ ಎಂದು ಆ ಇಡೀ ಹೊಲದಲ್ಲಿ ಪುಸ್ತಕದಲ್ಲಿ ಓದಿದ್ದವಳು ನಾನೊಬ್ಬಳೇ. ಓದಿದ್ದರಿಂದಲೇ ಧೈರ್ಯ ಬಂತು. ಬಿಸಿಲಿಗೆ ಚಿಗಟ ನಿಲ್ಲುವುದಿಲ್ಲ, ಊರಿನವರಿಗೆ ಕಾರಣ ಗೊತ್ತಿಲ್ಲ, ಆದ್ದರಿಂದ ಎಲ್ಲಕ್ಕೂ ಹೆದರುತ್ತಾರೆ ಎಂದುಕೊಂಡೆ. ದಾರಿಯ ಬಂಡೆಯ ಮೇಲೆ ಕೌದಿಯನ್ನು ಹರಡಿ, ಕೋಲಿನಿಂದ ಬಡಿದು, ಗಂಟೆಯಷ್ಟು ಹೊತ್ತು ಒಣಗಿಸಿದೆ. ಆಮೇಲೆ ಸೆರಗಿನಲ್ಲಿ ಮರೆಮಾಡಿ ತಂದೆ. ಬಂಡೆಯ ಹತ್ತಿರದಿಂದ ಹಿಂದಿರುಗಿ ಅದನ್ನು ಮನೆಗೆ ಎಸೆದು ಬಂದ ಹಾಗೆ ನನಗೆ ಎಷ್ಟೋ ಸಲ ಅನ್ನಿಸುತ್ತದೆ. ಕಾಲಿಗೆ ಚುಚ್ಚುವ ಕಲ್ಲುಗಳೂ ತಿಳಿಯುತ್ತವೆ. ಆದರೆ ಹಿಂದಿರುಗಲಿಲ್ಲ.

ಮಾಧುವಿಗೆಂದು ತಂದದ್ದನ್ನು ಸುಮತಿ ಕಸಿದುಕೊಂಡಳು. “ಅಜ್ಜೀ ವಾಸನಿ,” ಎಂದು ಮುಖ ಮುಚ್ಚಿಕೊಂಡಳು. ಇವರು ಕೌದಿಯನ್ನು ನೋಡಿದರು, ನನ್ನನ್ನು ನೋಡಿದರು. “ಒಣಗಿಸೀನಿ,” ಎಂದೆ. ಅವರು ಅಂಗಿಯ ಸುತ್ತು ಬಿಗಿದು ಮಾಧುವನ್ನು ಮಡಿಲಿಗೆ ಎಳೆದುಕೊಂಡರು.

ನಾಲ್ಕನೆಯ ದಿನ ಮಧ್ಯಾಹ್ನ ಸುಮತಿಯ ಮೈ ಸುಡತೊಡಗಿತು. ತೊಡೆಯ ಸಂದಿಯಲ್ಲಿ ಕಡಲೆಕಾಳಿನಷ್ಟು ಗಂಟು. ನಾನು ಅದರ ಮೇಲೆ ಬೆರಳಿಟ್ಟೆ, ತೆಗೆಯಲಾಗಲಿಲ್ಲ. ಇವರೇ ನನ್ನ ಕೈ ಎತ್ತಿ ಪಕ್ಕಕ್ಕಿಟ್ಟರು.

“ನೀ ಮಾಧೂನ್ನ ತಗೊಂಡು ಹೊರಗ ನಡಿ.”

“ನಾನು ಇಕೀ ಹತ್ರ ಇರತೀನಿ. ನೀವು ಅವನ್ನ...”

“ಅವಂಗ ನಿನ್ನ ಹಾಲು ಬೇಕು. ಅದು ನನ್ನ ಹತ್ರ ಇಲ್ಲ. ಇಕಿಗೆ ಬೇಕಾದ್ದು ಎಲ್ಲಾ ನನಗ ಬರ್ತದ. ವರ್ಷಗಟ್ಟಲೆ ಅದನ್ನಽ ಕಲ್ತೀನಿ.”

ಹೊಲದ ಆಚೆಯ ಬದುವಿನಲ್ಲಿ ಒಂದು ಬೇವಿನ ಮರ. ಅದರ ಕೆಳಗೆ ದಂಟು ಒರಗಿಸಿ, ಸುಮತಿಯನ್ನು ಹೆಗಲಿಗೆ ಹಾಕಿಕೊಂಡು ಹೋದರು. ಹಿಂದಿರುಗಿ ಬಂದು, ಎಲ್ಲರಿಗೂ ಕಾಣುವ ಹಾಗೆ ಹೊಲದ ನಡುವೆ ಕೌದಿಗೆ ಬೆಂಕಿ ಹಚ್ಚಿದರು. ಅಜ್ಜಿಯ ಇಳಕಲ್ ಸೆರಗು ಕೊನೆಗೆ ಸುಟ್ಟಿತು. ಹೊಗೆ ಕಂಡು ಜನ ಬಂದರು. ನೀಲವ್ವ ಮುಂದೆ.

“ಕೌದಿ ಯಾರು ತಂದ್ರು?”

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು, “ನಾನಽ ತಂದೀನಿ,” ಎಂದರು.

ನೀಲವ್ವ ಬೈದ ಬೈಗುಳವನ್ನೆಲ್ಲ ಬರೆಯಲಾರೆ. “ಮಕ್ಕಳನ್ನ ತಿನ್ನಾಕ ಬಂದೀಯೇನೋ? ಇಷ್ಟು ಗುಡಿಸಲದಾವ, ಇಷ್ಟು ಕೂಸದಾವ. ನಿನ್ನ ಹೆಂಡತಿ ಓದಿದಾಕಿ, ಅಕಿನ್ನ ಒಂದು ಮಾತು ಕೇಳಬಾರದಿತ್ತೇನೋ ಮೂಳಾ?” ಇವರು ತಲೆ ತಗ್ಗಿಸಿ ನಿಂತಿದ್ದರು. ಓದಿದ ನಾನು ಮಾಧುವಿನ ತಲೆಯ ಹಿಂದೆ ಮುಖ ಅಡಗಿಸಿಕೊಂಡಿದ್ದೆ.

ದವಾಖಾನೆಯ ಡಾಕ್ಟರರು ಬಂದು ಗುಳಿಗೆ ಕೊಟ್ಟರು. ಹನ್ನೆರಡು ದಿನ ದಾಟಬೇಕು, ಅಲ್ಲಿಯವರೆಗೆ ತಾಯಿ ಆ ಕಡೆ ಸುಳಿಯಬಾರದು ಎಂದರು. ಹೊಲದ ನಡುವಿನ ಕಲ್ಲಿನ ಮೇಲೆ ನಾನು ಗಂಜಿ ಇಟ್ಟು ಬರುತ್ತಿದ್ದೆ. ಇಮಾಮಸಾಬ ಅದರ ಪಕ್ಕದಲ್ಲಿ ಒಂದು ಕೊಡ ನೀರು ಇಡುತ್ತಿದ್ದ. ನಾವು ಹಿಂದೆ ಸರಿದ ಮೇಲೆ ಇವರು ಬಂದು ಒಯ್ಯುತ್ತಿದ್ದರು. ಸುಮತಿಯ ಕೆಂಪು ಪರಕಾರವೇ ನಮ್ಮ ಕಾಗದ. ಬೆಳಿಗ್ಗೆ ಅದು ಬೇವಿನ ಟೊಂಗೆಯ ಮೇಲೆ ಇದ್ದರೆ ಮಗು ಇದೆ.

ಒಂಬತ್ತನೆಯ ಬೆಳಿಗ್ಗೆ ಪರಕಾರ ಇರಲಿಲ್ಲ.

ಸೂರ್ಯ ಮಾರೆತ್ತರ ಏರಿದ. ಟೊಂಗೆ ಖಾಲಿ. ನಾನು ಕಲ್ಲನ್ನು ದಾಟಿದೆ. ಹಿಂದಿನಿಂದ ನೀಲವ್ವ, “ಏ ಅಕ್ಕೋರ, ಎದಿಮ್ಯಾಲೆ ಕೂಸೈತಿ, ನಿಂದ್ರು!” ಎಂದು ಕೂಗುತ್ತಿದ್ದಳು. ಮಾಧು ನನ್ನ ಕುಪ್ಪಸವನ್ನು ಹಿಡಿದಿದ್ದ. ಹತ್ತು ಹೆಜ್ಜೆ ಹೋದೆ. ನಿಂತೆ. ಹೋಗಲೂ ಆಗಲಿಲ್ಲ, ಬರಲೂ ಆಗಲಿಲ್ಲ. ಅಷ್ಟರಲ್ಲಿ ಇವರು ದಂಟಿನ ಮರೆಯಿಂದ ಬಂದರು. ಮಂಡಿಯವರೆಗೆ ನೆನೆದಿದ್ದರು. ಕೈಯಲ್ಲಿ ಹಿಂಡಿದ ಕೆಂಪು ಬಟ್ಟೆ.

“ಒಗದೀನಿ! ಗಂಟು ಒಡದು ಎಲ್ಲಾ ಹೊಲಸಾಗಿತ್ತು. ಜ್ವರಾ ಇಳದದ. ಹಸಿವು ಅಂತಾಳ!”

ಆಮೇಲೆ ಬದುವಿನ ಮೇಲೆ ಕುಳಿತು, ಪರಕಾರವನ್ನು ಮುಖಕ್ಕೆ ಒತ್ತಿಕೊಂಡು ಅತ್ತರು. ಒಂಬತ್ತು ದಿನ ಒಂದು ಹನಿ ಹಾಕದವರು. ನಡುವೆ ಅಷ್ಟು ಹೊಲವಿಟ್ಟುಕೊಂಡು ನಾನು ಅವರನ್ನು ನೋಡುತ್ತ ನಿಂತೆ.

ಮಗು ಉಳಿಯಿತು. ಆದರೆ ನನ್ನ ನಿದ್ದೆ ಹಿಂದಿರುಗಲಿಲ್ಲ. ಹನ್ನೆರಡು ದಿನ ಮುಗಿದು ನಾಲ್ವರೂ ಒಂದೇ ಗುಡಿಸಲಿಗೆ ಬಂದ ಮೇಲೂ ಗಳಿಗೆಗೊಮ್ಮೆ ಎದ್ದು ಮಕ್ಕಳ ತೊಡೆ, ಕಂಕುಳು ಮುಟ್ಟಿ ನೋಡುತ್ತಿದ್ದೆ. ಎಷ್ಟೋ ಸಲ ಅಲ್ಲಿ ಇವರ ಕೈ ಮೊದಲೇ ಇರುತ್ತಿತ್ತು. ಧಾರವಾಡಕ್ಕೂ ಇವರು ಕೌದಿ ತಂದವನು ತಾನೇ ಎಂದು ಬರೆದಿದ್ದರು. ಮಾವನವರು ಉತ್ತರ ಬರೆದರು: ‘ಅಂಥ ಓದಿದ ಹೆಂಡತಿಯ ಜೊತೆ ಇದ್ದೂ ನಿನಗೆ ಬುದ್ಧಿ ಬರಲಿಲ್ಲ. ಅವಳನ್ನೂ ಮಕ್ಕಳನ್ನೂ ಕರೆದುಕೊಂಡು ಬಂದುಬಿಡು.’ ಇವರು ಅದನ್ನು ನನಗೆ ಓದಿ ಹೇಳಿ, ಮಡಚಿ ಟ್ರಂಕಿಗೆ ಹಾಕಿದರು. ಇವರು ಬರೆದ ಕಾಗದ ಓದಿದ ಬಳಗದವರು ಇದನ್ನೂ ಓದಲಿ ಎಂದೇ ಬರೆಯುತ್ತಿದ್ದೇನೆ.

ಎರಡು ತಿಂಗಳ ಮೇಲೆ ಊರು ಮನೆಗೆ ಮರಳಿತು. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ. ಇವರು ತೊಲೆಯ ಮೂಲೆಗಳಿಗೆ ಸುಣ್ಣ ಬಳಿಯುತ್ತಿದ್ದಾಗ ನೀಲವ್ವ ಹೊಸ್ತಿಲಲ್ಲಿ ಕುಳಿತು, “ಕೌದಿ ಸಾಹೇಬ, ಆ ಮೂಲಿ ಉಳೀತು ನೋಡೋ,” ಎಂದಳು. ಕೌದಿ ಸುಟ್ಟಂದಿನಿಂದ ಊರು ಇವರಿಗೆ ಇಟ್ಟ ಹೆಸರು ಅದು. ನನಗೆ ತಡೆಯಲಾಗಲಿಲ್ಲ.

“ನೀಲವ್ವಾ, ಅವರಲ್ಲ. ಕೌದಿ ತಂದಾಕಿ ನಾನು.”

ಇವರ ಕುಂಚ ನಿಂತಿತು. ನೀಲವ್ವ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಲಿಲ್ಲ.

“ಗೊತ್ತೈತಿ ಬಿಡವ್ವಾ. ಗಂಡಸರಿಗೆ ಎಂದರ ಕೌದಿ ನೆನಪಾಗತೈತೇನು?”

“ಮತ್ತ ಅವರನ್ನ ಯಾಕ ಅಷ್ಟು ಬೈದಿ?”

“ಸಿಟ್ಟು ಬಂದಿತ್ತು. ಯಾರಿಗರ ಬೈಬೇಕಿತ್ತು. ನಿನಗ ಬೈದ್ರ ಹಾಲು ಬತ್ತತಿತ್ತು. ಅಂವಂಗ ಬೈದ್ರ ಏನು ಬತ್ತತೈತಿ?” ಎಂದು ಹೊರಗೆ ಉಗುಳಿ ಬಂದು, ದನಿ ಇಳಿಸಿದಳು. “ನಿಂದು ತಪ್ಪಽ. ಇಷ್ಟು ಕೂಸಿನ ಜೀವಾ. ತಪ್ಪಿಲ್ಲಂತ ನಾ ಅನ್ನೂದಿಲ್ಲ.”

ನನಗೆ ಬೇಕಾಗಿದ್ದದ್ದು ಆ ಕೊನೆಯ ಮಾತು. ಇವರು ಅದನ್ನು ಎಂದೂ ಹೇಳುತ್ತಿರಲಿಲ್ಲ. ಮೇಲಿನಿಂದ ಇವರು, “ಬೈದು ಮುಗದಿದ್ರ ಆ ಸುಣ್ಣದ ಗಡಿಗಿ ಕೊಡ್ರಿ,” ಎಂದರು. ಕೊಡುವಾಗ ನನ್ನ ಕೈ ಹಿಡಿದರು. ಇಬ್ಬರ ಕೈಯೂ ಸುಣ್ಣ.

ಅಂದು ಊಟ ಮಾಡಿ ಬರಿಯ ಚಾಪೆಯ ಮೇಲೆ ಒರಗಿದ್ದಷ್ಟೇ ಗೊತ್ತು. ಎಚ್ಚರವಾದದ್ದು ಬಾಗಿಲಲ್ಲಿ ಗೌರವ್ವನ ದನಿಗೆ.

“ಅಕ್ಕೋರ, ಸಾಲಿ ಐತಿಲ್ರಿ?”

ಕಿಂಡಿಯ ಬಿಸಿಲು ಆಗಲೇ ತೊಲೆಯನ್ನು ಮುಟ್ಟಿತ್ತು. ಸುಮತಿ ಕಣ್ಣು ತೆರೆಯದೆಯೇ, “ಐತಿ, ಐತಿ, ಬರ್ತಾಳ,” ಎಂದಳು. ಧಾರವಾಡದ ಅಜ್ಜಿ ‘ಐತಿ’ ಅಲ್ಲ, ‘ಅದ’ ಅನ್ನಬೇಕು ಎಂದು ಕಲಿಸಿ ಕಳಿಸಿದ ಮಗು. ಮಾವನವರ ಕಾಗದಕ್ಕೆ ಉತ್ತರ ಇನ್ನೂ ಬರೆದಿರಲಿಲ್ಲ. ಹೋಗುತ್ತೇವೆಂದು ಬರೆಯಬೇಕೋ ಇರುತ್ತೇವೆಂದೋ ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ಇವರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು, ಉಗುರುಗಳಲ್ಲಿ ಸುಣ್ಣ ಹಾಗೇ ಇತ್ತು. ಎಬ್ಬಿಸಬೇಡ ಎಂದು ಸುಮತಿಗೆ ಸನ್ನೆ ಮಾಡಿ, ನಾನೇ ಕೊಡ ಎತ್ತಿಕೊಂಡು ಬಾವಿಗೆ ಹೋದೆ.