ಬುಲೋರಳ ಸಾವಿನ ಹಾಡು

ಸಮರ್ಕಂದದ ನಮ್ಮ ಯಹೂದಿ ಕೇರಿಯಲ್ಲಿ ಹೆಣದ ಮುಂದೆ ಹಾಡಿ ಅಳಲು ಫ್ರೇಖೋ ಚಿಕ್ಕಮ್ಮನನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಸ್ವಂತ ಸಂಬಂಧವೇನಲ್ಲ, ಕೇರಿಗೆಲ್ಲ ಅವಳು ಚಿಕ್ಕಮ್ಮನೇ. ಸತ್ತವರು ಹುಟ್ಟಿದ ಮನೆಯಿಂದ ಹಿಡಿದು ಕೊನೆಗೆ ಕುಡಿದ ಚಹಾದವರೆಗೆ ನಮ್ಮ ಮಾತಿನಲ್ಲಿ ಕಟ್ಟಿ ಹಾಡುವಳು. ಬದುಕಿರುವವರ ಹೆಸರಿನಲ್ಲಿ ಮಾತ್ರ ಹಾಡಕೂಡದು, ಆಯುಷ್ಯ ಕಡಿಮೆಯಾಗುತ್ತದೆ. ಮನೆಯಲ್ಲಿ ಗುನುಗುವಂತೆಯೂ ಇಲ್ಲ. ಕಲಿಯಬೇಕೆಂದರೂ ಹೆಣ ಬೇಕು! ಹೀಗಾದರೆ ಕಲಿಯುವವರು ಯಾರು?

ತೊಂಬತ್ತಮೂರರ ವಸಂತದಲ್ಲಿ ಅವಳ ಬಾಲ್ಯದ ಗೆಳತಿ ಬುಲೋರ್ ಮಗನ ಸಂಸಾರದ ಜೊತೆ ಇಸ್ರೇಲಿಗೆ ಹೊರಟಳು. ಮುನ್ನಾದಿನ ನಮ್ಮ ಅಂಗಳದಲ್ಲಿ ಕೂತು ಕೇಳಿಯೇಬಿಟ್ಟಳು.

"ಅಲ್ಲಿ ನಂಗೆ ಹಾಡೋರು ಯಾರೇ ಫ್ರೇಖೋ? ಈಗ್ಲೇ ಹಾಡಿಬಿಡು. ನಾನೂ ಕೇಳಿಸ್ಕೊಂಡು ಹೋಗ್ತೀನಿ."

"ಬಿಡ್ತು ಅನ್ನು! ನಾಲಿಗೆಗೆ ಎಲುಬಿಲ್ಲ ಅಂತ ಏನ್ ಬೇಕಾದ್ರೂ ಅನ್ನೋದಾ?"

"ಎಪ್ಪತ್ತಾರಾಯ್ತು. ಇನ್ನು ಆಯಸ್ಸು ಕಡಿಮೆ ಆದ್ರೆ ಎಷ್ಟಾದೀತು? ಆ ಜಗಳಗಂಟಿ ಜೂಲಾಯ್‌ಗೆ ಎರಡು ತಾಸು ಹಾಡ್ದೆ. ನಂಗೆ ಹತ್ತು ನಿಮಿಷ ಇಲ್ವಾ?"

"ಅವಳು ಸತ್ತಿದ್ಲು ಕಣೇ!"

ಬುಲೋರ್ ನಕ್ಕಳು, ಆದರೆ ಕಣ್ಣು ತುಂಬಿತ್ತು. ಚಿಕ್ಕಮ್ಮ ದಡಕ್ಕನೆ ಎದ್ದು ಹೋದಳು. ಮರುದಿನ ಬಸ್ಸಿನ ಹತ್ತಿರಕ್ಕೂ ಬರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹಾಗಂತ ಅವಳ ಜಾಗದಲ್ಲಿ ನಾನಿದ್ದರೂ ಹಾಡುತ್ತಿರಲಿಲ್ಲ.

ಚಳಿಗಾಲದಲ್ಲಿ ತಂತಿ ಬಂತು. ಬುಲೋರ್ ತೀರಿಕೊಂಡಿದ್ದಳು. ಸೂತಕದ ಏಳು ದಿನ ಮುಗಿಯುವ ಮೊದಲು ಮಗ ರಫೊಯೆಲ್ ಫೋನ್ ಮಾಡುತ್ತಾನೆ, ಗುರುವಾರ ಹನ್ನೊಂದಕ್ಕೆ ಫೋನ್ ಆಫೀಸಿನಲ್ಲಿರಬೇಕು ಎಂದಿತ್ತು. ಚಿಕ್ಕಮ್ಮನನ್ನು ನಾನೇ ಕೈಹಿಡಿದು ಕರೆದೊಯ್ದೆ.

"ಅಮ್ಮ ಕೊನೇವರೆಗೂ ನಿಮ್ಮನ್ನೇ ಕೇಳ್ತಿದ್ರು ಚಿಕ್ಕಮ್ಮ," ಎಂದ ರಫೊಯೆಲ್. "ಎಲ್ಲಾ ಕೂತಿದೀವಿ. ಹಾಡಿ."

ಹಾಡಿದಳು. ಆ ಕಡೆ ಮೊಮ್ಮಕ್ಕಳು ರಷ್ಯನ್ನಿನಲ್ಲಿ ಏನೋ ಹರಟುತ್ತಿದ್ದವು. ಅಜ್ಜಿಯ ಮಾತು ಅವಕ್ಕೆ ಎಂದೂ ಹತ್ತಿರಲಿಲ್ಲ. ಬುಲೋರ್ ಹುಟ್ಟಿದಳು, ಬೆಳೆದಳು, ಜರಿಯ ನಿಲುವಂಗಿ ತೊಟ್ಟು ಮದುಮಗಳಾದಳು. ಅಷ್ಟರಲ್ಲಿ ಫೋನ್ ಕಡಿದುಹೋಯಿತು.

"ಹಲೋ! ರಫೊಯೆಲ್! ಹಾಳಾದ್ದು, ಇನ್ನೂ ಮುಗಿದಿಲ್ಲ ಕಣೋ!"

ಇನ್ನು ನಾಳೆಯೇ ಎಂದಳು ಆಪರೇಟರ್. ಫೋನ್ ಗೂಡಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲವಾದ್ದರಿಂದ ಸಾಲಿನಲ್ಲಿದ್ದ ತಾಜಿಕ್ ಹೆಂಗಸರೆಲ್ಲ ಕೇಳಿಸಿಕೊಂಡಿದ್ದರು. ಅವರ ಮಾತೂ ನಮ್ಮ ಮಾತೂ ಅಕ್ಕತಂಗಿಯರು, ಒಂದು ಪದವೂ ತಪ್ಪುವುದಿಲ್ಲ. ರೊಟ್ಟಿಯ ಗಂಟು ಹೊತ್ತಿದ್ದ ಒಬ್ಬಳು ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು.

"ನಿಲ್ಲಿಸ್ಬೇಡಿ ಅಕ್ಕಾ. ಮದುವೆ ಆಯ್ತು, ಆಮೇಲೆ?"

ಚಿಕ್ಕಮ್ಮ ಗೋಡೆಗೊರಗಿ ನಿಂತಳು. ಯುದ್ಧಕ್ಕೆ ಹೋದ ಗಂಡ ಮರಳಲಿಲ್ಲ ಎಂದು ಹಾಡಿದಳು, ರೇಷ್ಮೆ ಕಾರ್ಖಾನೆಯಲ್ಲಿ ದುಡಿದು ಮಗನನ್ನು ಸಾಕಿದಳು ಎಂದು ಹಾಡಿದಳು. ಇಡೀ ಸಾಲೇ "ವಾಯ್, ವಾಯ್" ಎಂದು ದನಿಗೂಡಿಸಿತು. ನನಗಂತೂ ಅಳು ತಡೆಯಲಾಗಲಿಲ್ಲ. ಕೊನೆಯ ಚಹಾದವರೆಗೂ ಒಂದನ್ನೂ ಬಿಡದೆ ಹಾಡಿದಳು.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದಳು. ಚೆನ್ನಾಗಿ ಕಳಿಸಿಕೊಟ್ಟಿರಿ ಎಂದೆ ನಾನು, ಬಾಯಿ ಸುಮ್ಮನಿರದೆ.

"ಏನ್ ಚೆನ್ನಾಗಿ?" ಅಂದಳು. "ಕೇಳ್ಬೇಕು ಅಂತ ಬಾಯಿಬಿಟ್ಟು ಬೇಡಿದ್ದೋಳು ಅವಳು. ದಾರೀಲಿ ಹೋಗೋರೆಲ್ಲ ಕೇಳಿದ್ರು. ಅವಳೊಬ್ಬಳು ಕೇಳ್ಲಿಲ್ಲ."